ಅರ್ಥಿಂಗ್ ಗುಂಡಿ

ಹೊಸ ಆವೃತ್ತಿ ಬಂದಿದೆ ಎಂದು ಪರದೆಯ ಮೂಲೆಯಲ್ಲಿ
ಮೂರು ವಾರದಿಂದ ಒಂದು ಹಳದಿ ಚುಕ್ಕಿ.
ಶುಕ್ರವಾರ, ರಜೆಯ ಪಾಳಿ, ಪ್ಲಾಂಟಿನಲ್ಲಿ ಅರ್ಧ ಜನ
ನಮಾಜಿಗೆ ಹೋದ ಹೊತ್ತು,
ಸರಿ, ಬಾ ಮಾರಾಯ, ಎಂದು ಒತ್ತಿದೆ.
ಸೋಹಾರಿನ ನೆಟ್‌ವರ್ಕು. ನಲವತ್ತು ಪರ್ಸೆಂಟಿಗೆ ಒಂದು ಸುಲೈಮಾನಿ ಖಾಲಿ;
ತೊಂಬತ್ತೊಂಬತ್ತರಲ್ಲಿ ನಿಂತು ಅದೂ ಧ್ಯಾನಕ್ಕೆ ಕೂತಿತು.

ಏನೇನು ಹೊಸತು ಎಂದು ಅದೇ ಹೇಳಿಕೊಂಡಿತು:
ಇನ್ನು ರೆಸಿಸ್ಟರುಗಳಿಗೂ ವಯಸ್ಸಾಗುತ್ತದಂತೆ.
ಹತ್ತು ವರ್ಷ ಎಂದು ಬರೆದರೆ, ಹತ್ತು ವರ್ಷ ದುಡಿದವರ ಹಾಗೆ
ಕೊಂಚ ಬಾಗಿ ಬರುತ್ತವಂತೆ.
ಸೆಖೆಯನ್ನು ಒಬ್ಬೊಬ್ಬರಿಗೆ ಬೇರೆಬೇರೆ ಹಂಚಬಹುದಂತೆ,
ನೆರಳಿನ ಚಿಪ್ಪಿಗೆ ಮೂವತ್ತು,
ಗೋಡೆಬದಿಯ ಕೆಪಾಸಿಟರಿಗೆ ಅರವತ್ತೆರಡು.
ಒಂದೇ ಸರ್ಕ್ಯೂಟನ್ನು ಸಾವಿರ ಸಲ ಹುಟ್ಟಿಸಿ
ಪ್ರತಿ ಸಲ ಚೂರು ಬೇರೆ ಹಣೆಬರಹ ಕೊಟ್ಟು
ಎಷ್ಟು ಉಳಿದವು ಎಂದು ಎಣಿಸುತ್ತದಂತೆ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ.

ಕೊನೆಗೆ, ಸಣ್ಣಕ್ಷರದಲ್ಲಿ, ಯಾರೂ ಓದದ ಜಾಗದಲ್ಲಿ:
ಗ್ರೌಂಡ್ ಅಂದರೆ ಶೂನ್ಯ ಎಂದು ಇನ್ನು ಇಟ್ಟುಕೊಳ್ಳಬೇಕಿಲ್ಲ.
ನೆಲಕ್ಕೂ ಒಂದು ಬೆಲೆ ಕೊಡಿ.

ನೆಲಕ್ಕೆ ಬೆಲೆ!
ಮೂರು ಗೆರೆ, ಒಂದರ ಕೆಳಗೊಂದು ಕಿರಿದಾಗುತ್ತ,
ಹದಿನಾಲ್ಕು ವರ್ಷ ಆ ಚಿಹ್ನೆ ಎಳೆದು ಕೈ ತೊಳೆದುಕೊಂಡವಳು ನಾನು.
ಕಿನ್ನಿಗೋಳಿಯ ವೈರ್‌ಮ್ಯಾನ್ ಕೊಗ್ಗಣ್ಣ ಅದನ್ನು ಅರ್ಥ ಅನ್ನುತ್ತಿದ್ದ.
'ಅರ್ಥ ಸರಿ ಇಲ್ಲ ಬಾಯಮ್ಮ, ಮಿಕ್ಸಿ ಮುಟ್ಟಿದರೆ ಹೊಡೆಯುತ್ತದೆ.'
ಒಳಗೆ ಹೋಗಿ ನಗುತ್ತಿದ್ದೆ.

ನಾಲ್ಕನೇ ಪಂಪಿನ ಆಂಪ್ಲಿಫೈಯರಿನಲ್ಲಿ ಮಾರ್ಚಿನಿಂದ ಒಂದು ಗುಂಯ್.
ಸಮುದ್ರವನ್ನು ಸಿಹಿ ಮಾಡುವ ಪ್ಲಾಂಟು ನಮ್ಮದು;
ಪಂಪು ನಡುಗಿದರೆ ನನಗೆ ತಿಳಿಯಬೇಕು. ತಿಳಿಯುವುದು
ಡಬ್ಬಿಯೊಳಗೆ ಸಿಕ್ಕ ನೊಣ ಮಾತ್ರ.
ಕೇಬಲ್ ಬದಲಿಸಿದೆ. ಚಿಪ್ ಬದಲಿಸಿದೆ. ಕವಚ ಹೊದಿಸಿದೆ.
ಖಲ್ಫಾನ್ ಬಂದು ಕಿವಿಯಿಟ್ಟು, 'ಲವೀನಾ, ಇದು ಜಿನ್ನಿನ ಕೆಲಸ' ಎಂದು
ಒಂದು ತುಂಡು ಹಲ್ವ ಇಟ್ಟು ಹೋದ.
ಪರದೆಯ ಮೇಲೆ ಮಾತ್ರ ನನ್ನ ಸರ್ಕ್ಯೂಟು
ಹಾಲು ಕುಡಿದು ಮಲಗಿದ ಕೂಸು.

ಈಗ ನೆಲಕ್ಕೆ ಬೆಲೆ ಬರೆದೆ. ಎರಡು ಓಮ್. ಏನಿಲ್ಲ.
ಹತ್ತು. ಗೆರೆ ಚೂರು ಮಿಸುಕಿತು.
ನೂರಹತ್ತು ಎಂದು ಒತ್ತಿದೆ, ಒಣ ಮರಳಿನ ಲೆಕ್ಕ.
ಎದ್ದು ಬಂತು ನನ್ನ ಗುಂಯ್,
ಅದೇ ಎತ್ತರ, ಅದೇ ಸೊಟ್ಟ ಮೂಗು, ಫೋಟೊ ಹಿಡಿದ ಹಾಗೆ.

ಸ್ವಿಚ್‌ಯಾರ್ಡಿನ ಹಿಂದೆ ಅರ್ಥಿಂಗ್ ಗುಂಡಿ. ಮುಚ್ಚಳ ಕೈ ಸುಡುತ್ತಿತ್ತು.
ಉಪ್ಪು ಗಂಟುಕಟ್ಟಿದೆ, ಇದ್ದಿಲು ಪುಡಿಪುಡಿ,
ತಾಮ್ರದ ಸರಳಿನ ಸುತ್ತ ಮಣ್ಣು ಬಾಯಿಬಿಟ್ಟು ದೂರ ಸರಿದಿದೆ.
ಪಕ್ಕದಲ್ಲಿ ಒಂದು ಹಳೆಯ ಪೇಂಟ್ ಡಬ್ಬಿ,
ತಳಕ್ಕೆ ಮೊಳೆಯಲ್ಲಿ ಹೊಡೆದ ತೂತು, ತಂತಿಯ ಹಿಡಿ.

ಮೊಫಿಜುಲ್.
ಸಂಜೆ ಐದಕ್ಕೆ ಈ ಡಬ್ಬಿ ಹಿಡಿದು ಇತ್ತ ಬರುತ್ತಿದ್ದ.
ಬೋರಿಶಾಲಿನವ. ಕಿಟಕಿಯಿಂದ ನೋಡಿ ನಾನು
ಪುದೀನ ಹಾಕಿದ್ದಾನೆ, ಪಾಪ, ಈ ಮರಳಲ್ಲಿ, ಅಂದುಕೊಂಡಿದ್ದೆ.
ಯಾರೋ ಎಂದೋ ಅವನಿಗೆ ಹೇಳಿ ತಾವು ಮರೆತಿರಬೇಕು,
ಅಥವಾ ಯಾರೂ ಹೇಳಿರಲೇ ಇಲ್ಲ.
ಫೆಬ್ರವರಿ ಕೊನೆಗೆ ಕಂಪನಿ ಆರು ಜನರನ್ನು ಇಳಿಸಿತು.
ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ, ಕೆಲಸ: ಇತರೆ.

ಎರಡು ಬಕೆಟ್ ಸುರಿದೆ. ನಮ್ಮದೇ ನೀರು, ಸಮುದ್ರದಿಂದ ಸೋಸಿದ್ದು.
ಮಣ್ಣು ಸುಂಯ್ ಎಂದು ಕುಡಿಯಿತು, ಒಂದು ಗುಳ್ಳೆ ಬಿಟ್ಟಿತು.
ಒಳಗೆ ಬಂದರೆ
ನೊಣ ಇಲ್ಲ. ಪಂಪು ಮಾತಾಡುತ್ತಿದೆ, ಪಂಪಿನ ದನಿಯಲ್ಲೇ.

ಈಗ ವರದಿ. ದೋಷ ಎಲ್ಲಿ: ಗ್ರೌಂಡ್. ಪತ್ತೆ ಹೇಗೆ: ಹೊಸ ಆವೃತ್ತಿ.
ಕಾರಣ ಎಂಬಲ್ಲಿ 'ಅರ್ಥ ಒಣಗಿತ್ತು' ಎಂದು ಬರೆದೆ; ಅಳಿಸಿದೆ.
ಕೆಟ್ಟ ಬಿಡಿಭಾಗ ಯಾವುದು, ಪಟ್ಟಿಯಿಂದ ಆರಿಸಿ, ಎನ್ನುತ್ತದೆ ಅದು.
ಕೆಳಗೆ ಜಾರಿಸಿದೆ, ಇನ್ನೂ ಕೆಳಗೆ. ತುದಿಯಲ್ಲಿ ಸಿಕ್ಕಿತು:
ಇತರೆ.

ಒತ್ತಲಿಲ್ಲ. ಗಡಿಯಾರದಲ್ಲಿ ಐದು.
ಆ ತೂತು ಡಬ್ಬಿ ಎಲ್ಲಿಟ್ಟೆ?